ಇಳಿವಯಸ್ಸಿನಲ್ಲಿ ಕ್ಯಾನ್ಸರ್ ಶಸ್ತ್ರಕ್ರಿಯೆ

(ಹುಲಗೋಳದಲ್ಲಿ ಕೂಡಿದ ರೈತರ ಸಭೆಯಲ್ಲಿ ನಿವೃತ್ತ ಶಸ್ತ್ರವೈದ್ಯರೊಬ್ಬರು ಮಾಡಿದ ಭಾಷಣ)



ಹಗಲಿಡೀ ಕೊನೆ ಕೊಯ್ಲು, ರಾತ್ರಿ ಅಡಕೆ ಸುಲಿಯುವ ಕೆಲಸ. ಇಂಥ ಗಡಿಬಿಡಿಯ ದಿನಗಳಲ್ಲಿಯೂ ನೀವು ಇಷ್ಟು ಜನ ಬಂದು ಕುಳಿತಿದ್ದೀರಿ. ಆದುದರಿಂದ ಉದ್ದನೆಯ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯ ಹಿರಿಯರಿಗೆ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ದಿನ ಜಗಲಿಯ ಮೇಲೆ ಒಂದು ಮಾತು ಹುಟ್ಟುತ್ತದೆ: “ಎಪ್ಪತ್ತೈದು ಆಯಿತು. ಇನ್ನು ಈ ವಯಸ್ಸಿನಲ್ಲಿ ಕೊಯ್ಯಿಸುವುದೇಕೆ? ಇದ್ದಷ್ಟು ದಿನ ಸುಖವಾಗಿರಲಿ.” ಈ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ಶಸ್ತ್ರಕ್ರಿಯೆ ಬೇಡವೆಂದು ನಾವು ತೀರ್ಮಾನಿಸಿದೊಡನೆ ರೋಗವೂ ಸುಮ್ಮನೆ ಕುಳಿತುಕೊಳ್ಳುತ್ತದೆಂದು ಭಾವಿಸಬಾರದು. ಕೆನ್ನೆಯೊಳಗಿನ ಹುಣ್ಣು ಹೊರಕ್ಕೆ ತೂತು ಬೀಳುತ್ತದೆ. ಗಂಜಿಯೂ ಇಳಿಯದ ದಿನ ಬರುತ್ತದೆ. ಕರುಳಿನ ಗಂಟು ಬೆಳೆದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ಆಗ “ಸುಖವಾಗಿರಲಿ” ಎಂದ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಈ ವಿಷಯದಲ್ಲಿ ನಾನೂ ತಪ್ಪು ಮಾಡಿದವನೇ. ನನ್ನ ದೊಡ್ಡಾಯಿಗೆ ಆಗ 73 ವರ್ಷ. ಎರಡು ಆಕಳು ಕರೆಯುತ್ತಿದ್ದಳು, ಬೆಟ್ಟಕ್ಕೆ ಹೋಗಿ ಸೊಪ್ಪು ತರುತ್ತಿದ್ದಳು. ಎದೆಯಲ್ಲಿ ಒಂದು ಸಣ್ಣ ಗಂಟು ಕಂಡಿತು. ನಾನು ದೂರದ ಊರಿನಲ್ಲಿ ಕೆಲಸದಲ್ಲಿದ್ದೆ. ಅಣ್ಣಂದಿರು ನನ್ನನ್ನು ಕೇಳಿದರು. ನಾನು ಅವಳ ವಯಸ್ಸು ಕೇಳಿದೆ. “ಬಿಡಿ, ತೊಂದರೆ ಕೊಡುವುದು ಬೇಡ” ಎಂದೆ. ಅವಳಿಗೆ ರೋಗದ ಹೆಸರನ್ನೂ ಹೇಳಲಿಲ್ಲ. ಒಂದೂವರೆ ವರ್ಷದ ಮೇಲೆ ಊರಿಗೆ ಬಂದು ನೋಡಿದಾಗ ಗಂಟು ಒಡೆದು ಹುಣ್ಣಾಗಿತ್ತು. ಕೈ ಬಾತುಕೊಂಡಿತ್ತು. ಅವಳು ಜಗಳವಾಡಲಿಲ್ಲ. “ತಮಾ, ನೀವೆಲ್ಲ ಸೇರಿ ಮಾತಾಡಿದಿರಿ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ” ಎಂದಳು. ನಾನು ಶಸ್ತ್ರವೈದ್ಯ, ನನ್ನಲ್ಲಿ ಉತ್ತರವಿರಲಿಲ್ಲ.

ಆ ದಿನದಿಂದ ನಾನು ಕಲಿತದ್ದು ಎರಡು ಮಾತು. ಹಿರಿಯರ ಹುಟ್ಟಿದ ವರ್ಷ ನೋಡಿ ತೀರ್ಮಾನ ಮಾಡಬಾರದು, ಮೈಯಲ್ಲಿರುವ ಶಕ್ತಿ ನೋಡಿ ಮಾಡಬೇಕು. ಮತ್ತು ಯಾರ ಮೈಯೋ ಅವರನ್ನು ಮೊದಲು ಕೇಳಬೇಕು. ಇವತ್ತಿನ ಭಾಷಣವೆಲ್ಲ ಈ ಎರಡು ಮಾತುಗಳ ವಿಸ್ತಾರವೇ ಆಗಿದೆ.

ಮುಪ್ಪು ಮತ್ತು ರೋಗ

ಕ್ಯಾನ್ಸರ್ ಯಾವ ವಯಸ್ಸಿನಲ್ಲಿಯೂ ಬರಬಹುದಾದರೂ ಮುಖ್ಯವಾಗಿ ಅದು ಇಳಿವಯಸ್ಸಿನ ರೋಗ. ನಮ್ಮ ಮೈಯ ಜೀವಕೋಶಗಳು ದಿನವೂ ಒಡೆದು ಹೊಸದಾಗುತ್ತವೆ. ವರ್ಷ ಕಳೆದಂತೆ ಅವುಗಳಲ್ಲಿ ಸಣ್ಣ ಸಣ್ಣ ಕೆಡುಕು ಕೂಡುತ್ತ ಹೋಗಿ ಒಂದು ದಿನ ಯಾವುದೋ ಕೋಶ ಹದ್ದು ಮೀರಿ ಬೆಳೆಯತೊಡಗುತ್ತದೆ. ಗಂಟಾಗಿ ಒಂದೇ ಕಡೆ ನಿಂತಿರುವಾಗ ಅದನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದ ಸಹಿತ ಕತ್ತರಿಸಿ ತೆಗೆಯುವುದೇ ಇಂದಿಗೂ ಬಹಳ ಕ್ಯಾನ್ಸರುಗಳಿಗೆ ಮುಖ್ಯ ಚಿಕಿತ್ಸೆ. ಹೀಗಿರುವಾಗ “ಮುದುಕರಿಗೆ ಶಸ್ತ್ರಕ್ರಿಯೆ ಕೂಡದು” ಎಂದರೆ, ರೋಗ ಹೆಚ್ಚು ಬರುವವರಿಗೇ ಚಿಕಿತ್ಸೆ ಕೂಡದು ಎಂದಂತಾಯಿತು.

ತೋಟದಲ್ಲಿ ನೀವು ಮರದ ವಯಸ್ಸನ್ನಷ್ಟೇ ಲೆಕ್ಕ ಹಾಕಿ ಕೈಬಿಡುವುದಿಲ್ಲ. ಸುಳಿ ನೋಡುತ್ತೀರಿ, ಬುಡ ನೋಡುತ್ತೀರಿ. ಅರವತ್ತರ ಮರ ಗಟ್ಟಿಯಾಗಿ ನಿಂತಿರುವುದುಂಟು, ಇಪ್ಪತ್ತರ ಮರ ಸೊರಗಿರುವುದುಂಟು. ಮನುಷ್ಯರಲ್ಲಿಯೂ ಹಾಗೆಯೇ.

ಜಗತ್ತಿಗೆ ಗೊತ್ತಿರುವ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು ಮೂಲದಲ್ಲಿ ಶೇಂಗಾ ಬೆಳೆಯುವ ರೈತರು. 2015ರ ಆಗಸ್ಟ್ ತಿಂಗಳಲ್ಲಿ, 90ನೆಯ ವಯಸ್ಸಿನಲ್ಲಿ, ಅವರ ಯಕೃತ್ತಿನಲ್ಲಿದ್ದ ಕ್ಯಾನ್ಸರ್ ಗಂಟನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಮಿದುಳಿಗೂ ರೋಗ ಹರಡಿದ್ದರಿಂದ ಅಲ್ಲಿಗೆ ವಿಕಿರಣ ಕೊಟ್ಟರು. ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಹೊಸ ಔಷಧಿಯನ್ನೂ ಕೊಟ್ಟರು. ಆ ವರ್ಷದ ಕೊನೆಗೆ ರೋಗದ ಗುರುತು ಕಾಣದಾಯಿತು. ಅವರು 2024ರ ಡಿಸೆಂಬರಿನಲ್ಲಿ, 100 ತುಂಬಿದ ಮೇಲೆ ತೀರಿಕೊಂಡರು. ಇದು ಶಸ್ತ್ರಕ್ರಿಯೆ ಒಂದರ ಫಲವಲ್ಲ, ಎಲ್ಲರಿಗೂ ಹೀಗೆಯೇ ಆಗುತ್ತದೆಂದೂ ಅಲ್ಲ. ಆದರೆ “ತೊಂಬತ್ತಾಯಿತು” ಎಂಬುದೊಂದೇ ಕಾರಣಕ್ಕೆ ಅವರ ವೈದ್ಯರು ಕೈಚೆಲ್ಲಲಿಲ್ಲ.

ನಮ್ಮವರದೇ ಉದಾಹರಣೆ ಬೇಕೆಂದರೆ ನಟ ಶಿವರಾಜಕುಮಾರ್ ಅವರನ್ನು ನೀವೆಲ್ಲ ಬಲ್ಲಿರಿ. ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿ, 2024ರ ಡಿಸೆಂಬರ್ 24ರಂದು, 62ನೆಯ ವಯಸ್ಸಿನಲ್ಲಿ, ಅಮೆರಿಕದ ಮಯಾಮಿಯಲ್ಲಿ ಶಸ್ತ್ರಕ್ರಿಯೆ ನಡೆಯಿತು. ಮೂತ್ರಕೋಶವನ್ನು ತೆಗೆದು, ಅವರದೇ ಕರುಳಿನ ತುಂಡಿನಿಂದ ಹೊಸದೊಂದನ್ನು ಮಾಡಿ ಕೂಡಿಸಿದರು. ಗುಣವಾಗಿ ಬಂದ ಮೇಲೆ ಅವರು ಅದನ್ನು ಮುಚ್ಚಿಡದೆ ಜನರ ಮುಂದೆ ಹೇಳಿದರು. ಅಮೆರಿಕಕ್ಕೆ ಹೋಗುವುದು ನಮ್ಮಿಂದಾಗದು, ಬೇಕಾಗಿಯೂ ಇಲ್ಲ; ಇಂಥ ಶಸ್ತ್ರಕ್ರಿಯೆಯನ್ನು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಮಾಡುತ್ತಾರೆ. ಅವರಿಂದ ನಾವು ಕಲಿಯಬೇಕಾದುದು ಆ ಮುಚ್ಚುಮರೆಯಿಲ್ಲದ ಮಾತನ್ನು.

ಶಕ್ತಿಯನ್ನು ಅಳೆಯುವ ಬಗೆ

ಹಿರಿಯರ ಶಕ್ತಿಯನ್ನು ಅಳೆಯುವುದಕ್ಕೆ ಈಗ ಒಂದು ಶಾಸ್ತ್ರವೇ ಬೆಳೆದಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾದದ್ದು. ಅಲ್ಲಿ ಹಿರಿಯ ವಯಸ್ಸಿನ ಕ್ಯಾನ್ಸರ್ ರೋಗಿಗಳಿಗಾಗಿಯೇ 2018ರಲ್ಲಿ ಬೇರೆ ವಿಭಾಗವನ್ನು ತೆರೆದರು. ಇಂಥ ಕಡೆ ಗಂಟನ್ನಷ್ಟೇ ನೋಡದೆ ಇಡೀ ಮನುಷ್ಯನನ್ನು ನೋಡುತ್ತಾರೆ.

ಒಂದು ಸುಲಭ ಪರೀಕ್ಷೆಯನ್ನು ಹೇಳುತ್ತೇನೆ. ಅಜ್ಜನನ್ನು ಕುರ್ಚಿಯ ಮೇಲೆ ಕೂಡಿಸಿರಿ. ಅವರು ಎದ್ದು, ಮೂರು ಮೀಟರ್ ಅಂದರೆ ಸುಮಾರು ಹತ್ತು ಅಡಿ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಲಿ. ಸುಮಾರು ಹತ್ತು ಸೆಕೆಂಡಿನಲ್ಲಿ ಇದು ಮುಗಿದರೆ ಕಾಲಿನಲ್ಲಿ ಬಲವಿದೆ ಎಂದು ತಿಳಿಯಬಹುದು. ಇಪ್ಪತ್ತು ಸೆಕೆಂಡು ಮೀರಿದರೆ ಹೆಚ್ಚಿನ ಜಾಗ್ರತೆ ಬೇಕು. ಇದು ಪಾಸು-ನಪಾಸಿನ ಪರೀಕ್ಷೆಯಲ್ಲ. ವೈದ್ಯರಿಗೆ ದಾರಿ ತೋರಿಸುವ ಒಂದು ಗುರುತು ಮಾತ್ರ. ಇದರ ಜೊತೆಗೆ ಅವರು ಕೇಳುವ ಸಂಗತಿಗಳಿವು: ಆರು ತಿಂಗಳಲ್ಲಿ ತೂಕ ಇಳಿದಿದೆಯೆ? ಎಲ್ಲಿಯಾದರೂ ಜಾರಿ ಬಿದ್ದಿದ್ದಾರೆಯೆ? ನೆನಪು ಹೇಗಿದೆ? ಸ್ನಾನ, ಊಟ ತಾವೇ ಮಾಡಿಕೊಳ್ಳುತ್ತಾರೆಯೆ? ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇವೆಯೆ? ಎಷ್ಟು ಬಗೆಯ ಮಾತ್ರೆ ನುಂಗುತ್ತಾರೆ? ಮನೆಯಲ್ಲಿ ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಬಲ್ಲವರು ಮನೆಯವರೇ. ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿರಿ, ನೀವಾಗಿ ನಿಲ್ಲಿಸಬೇಡಿರಿ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ನಾಚಿಕೆಯಿಲ್ಲದೆ ತಿಳಿಸಿರಿ.

ಮೂರು ಹೆದರಿಕೆಗಳು

“ಚೂರಿ ತಾಗಿಸಿದರೆ ರೋಗ ಮೈಯೆಲ್ಲ ಹರಡುತ್ತದೆ” ಎಂಬುದು ಮೊದಲನೆಯದು. ರೋಗ ಹರಡುವುದು ತಡ ಮಾಡಿದ್ದರಿಂದ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡದೆ ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಜಾತಿಯದು ಎಂದು ಸಾಮಾನ್ಯವಾಗಿ ತಿಳಿಯುವುದಿಲ್ಲ.

“ಈ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟರೆ ಏಳುವುದಿಲ್ಲ” ಎಂಬುದು ಎರಡನೆಯದು. ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಹೃದಯ, ಶ್ವಾಸಕೋಶ ದುರ್ಬಲವಾಗಿದ್ದರೆ ಅಪಾಯ ಹೆಚ್ಚು. ಅದಕ್ಕಾಗಿಯೇ ಅರಿವಳಿಕೆಯ ವೈದ್ಯರು ಮೊದಲೇ ಪರೀಕ್ಷೆ ಮಾಡುತ್ತಾರೆ. ಕೆಲವು ಶಸ್ತ್ರಕ್ರಿಯೆಗಳನ್ನು ಪೂರ್ತಿ ಪ್ರಜ್ಞೆ ತಪ್ಪಿಸದೆ, ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು.

ಮೂರನೆಯದು ಮುಖದ ಹೆದರಿಕೆ. ಬಾಯಿಯ ಕ್ಯಾನ್ಸರಿನಲ್ಲಿ ಕೆನ್ನೆಯ ಭಾಗವನ್ನೂ, ಕೆಲವೊಮ್ಮೆ ದವಡೆಯ ತುಂಡನ್ನೂ, ಕುತ್ತಿಗೆಯ ಗಡ್ಡೆಗಳನ್ನೂ ತೆಗೆಯಬೇಕಾಗುತ್ತದೆ. ಆ ಜಾಗಕ್ಕೆ ಎದೆಯಿಂದಲೋ ತೊಡೆಯಿಂದಲೋ ಚರ್ಮ-ಮಾಂಸವನ್ನು ತಂದು ಹೊಲಿಯುತ್ತಾರೆ. ಕೆಲವು ದಿನ ಮೂಗಿನ ನಳಿಕೆಯಿಂದ ಆಹಾರ. ಮುಖ ಮೊದಲಿನಂತೆ ಇರುವುದಿಲ್ಲ, ಮಾತು ಸ್ವಲ್ಪ ತೊದಲಬಹುದು. ಇದನ್ನು ಮುಚ್ಚಿಟ್ಟು ಶಸ್ತ್ರಕ್ರಿಯೆಗೆ ಒಪ್ಪಿಸುವುದು ಸರಿಯಲ್ಲ. ತಿಳಿದು ಒಪ್ಪಿದವರು ಧೈರ್ಯದಿಂದ ಎದುರಿಸುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲರಿಗೂ ಶಸ್ತ್ರಕ್ರಿಯೆಯಲ್ಲ

ನಾನು ಶಸ್ತ್ರಕ್ರಿಯೆಯ ಪರವಾಗಿ ವಾದಿಸಲು ಬಂದವನಲ್ಲ. ಬೇಡವೆನ್ನುವುದೇ ಸರಿಯಾದ ಸಂದರ್ಭಗಳೂ ಉಂಟು. ಪ್ರಾಸ್ಟೇಟ್ ಗ್ರಂಥಿಯ ಕೆಲವು ಕ್ಯಾನ್ಸರುಗಳು ಅಷ್ಟು ನಿಧಾನವಾಗಿ ಬೆಳೆಯುತ್ತವೆಂದರೆ, ಮುದುಕರಲ್ಲಿ ಆಗಾಗ ಪರೀಕ್ಷಿಸುತ್ತ ಕಾದು ನೋಡಿದರೆ ಸಾಕು. ಎದೆಯ ಕ್ಯಾನ್ಸರಿನಲ್ಲಿ ಹಾರ್ಮೋನಿಗೆ ಸ್ಪಂದಿಸುವ ಒಂದು ಜಾತಿಯುಂಟು. ಶಸ್ತ್ರಕ್ರಿಯೆ ತಡೆಯಲಾರದ ವೃದ್ಧೆಗೆ ದಿನಕ್ಕೊಂದು ಮಾತ್ರೆಯಿಂದ ಅದನ್ನು ಬಹುಕಾಲ ಹಿಡಿದಿಡಬಹುದು. ಗಂಟಲಿನ, ಗರ್ಭಕೋಶದ ಕೊರಳಿನ ಕೆಲವು ಕ್ಯಾನ್ಸರುಗಳಿಗೆ ವಿಕಿರಣವೇ ಮುಖ್ಯ ಚಿಕಿತ್ಸೆ. ರೋಗ ಬಹಳ ಹರಡಿದ್ದರೆ ನೋವು ಕಳೆಯುವ ಆರೈಕೆಯೇ ಒಳ್ಳೆಯ ಚಿಕಿತ್ಸೆ. ಅದು ಕೈಬಿಟ್ಟಂತೆ ಅಲ್ಲ.

ಆದುದರಿಂದ ಶಸ್ತ್ರವೈದ್ಯರ ಮುಂದೆ ಕುಳಿತಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಚೀಟಿಯಲ್ಲಿ ಬರೆದುಕೊಂಡು ಹೋದರೂ ತಪ್ಪಿಲ್ಲ.

1. ಈ ಶಸ್ತ್ರಕ್ರಿಯೆ ರೋಗ ಗುಣಪಡಿಸಲಿಕ್ಕೋ, ಅಥವಾ ತೊಂದರೆ ಕಡಿಮೆ ಮಾಡಲಿಕ್ಕೋ?
2. ಮಾಡಿಸದಿದ್ದರೆ ಮುಂದಿನ ತಿಂಗಳುಗಳಲ್ಲಿ ಏನಾಗುತ್ತದೆ?
3. ಇದಕ್ಕೆ ಬದಲು ಬೇರೆ ಚಿಕಿತ್ಸೆ ಇದೆಯೆ?
4. ಮಾಡಿಸಿದ ಮೇಲೆ ಇವರು ಮೊದಲಿನಂತೆ ನಡೆಯುವುದು, ಉಣ್ಣುವುದು, ತಮ್ಮ ಕೆಲಸ ಮಾಡಿಕೊಳ್ಳುವುದು ಸಾಧ್ಯವೆ? ಎಷ್ಟು ದಿನ ಹಿಡಿಯುತ್ತದೆ?

ಶಸ್ತ್ರಕ್ರಿಯೆಯ ಮೊದಲು ಮನೆಯ ಕೆಲಸ

ಮಳೆಗಾಲದ ಮೊದಲೇ ಕೊಳೆ ಔಷಧಿ ಹೊಡೆಯುವವರು ನೀವು. ರೋಗ ಬಂದ ಮೇಲೆ ಒದ್ದಾಡುವುದಕ್ಕಿಂತ ಮೊದಲಿನ ಸಿದ್ಧತೆ ಲೇಸೆಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪರೀಕ್ಷೆಗಳು ನಡೆದು ಶಸ್ತ್ರಕ್ರಿಯೆಯ ದಿನ ಗೊತ್ತಾಗುವುದರೊಳಗೆ ಕೆಲವು ವಾರಗಳು ಸಿಗುತ್ತವೆ. ಆ ದಿನಗಳನ್ನು ಚಿಂತೆಯಲ್ಲಿ ಕಳೆಯದೆ ಹಿರಿಯರ ಮೈಯಲ್ಲಿ ಶಕ್ತಿ ತುಂಬಿರಿ.

ಹೊಗೆಸೊಪ್ಪು, ಬೀಡಿ, ಕವಳ ಎಲ್ಲವನ್ನೂ ಆ ದಿನವೇ ಬಿಡಿಸಿರಿ. ನಾಲ್ಕು ವಾರ ಮೊದಲೇ ತಂಬಾಕು ಬಿಟ್ಟವರಿಗೆ ಉಸಿರಿನ ತೊಂದರೆ ಕಡಿಮೆ, ಗಾಯವೂ ಬೇಗ ಮಾಯುತ್ತದೆ. ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡೆಸಿರಿ. ಕುರ್ಚಿಯಿಂದ ಏಳುವುದು, ಕೂಡುವುದು ಹತ್ತು ಸಲ ಮಾಡಿಸಿರಿ. ದೀರ್ಘವಾಗಿ ಉಸಿರೆಳೆದು ಬಿಡುವ ಅಭ್ಯಾಸವಿರಲಿ.

ಊಟದ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ಕಾಯಿಲೆಯೆಂದೊಡನೆ ಪಥ್ಯ, ಬರೀ ಗಂಜಿ, ತಂಬುಳಿ. ಗಾಯ ಮಾಯುವುದಕ್ಕೆ ಬೇಕಾದದ್ದು ಪ್ರೋಟೀನು. ಹಾಲು, ಮೊಸರು, ತೊಗರಿಬೇಳೆ, ಹೆಸರುಕಾಳು ಸಾಕಷ್ಟಿರಲಿ. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು ಇರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು. ರಕ್ತಹೀನತೆಯಿದ್ದರೆ ಅದಕ್ಕೂ ಮೊದಲೇ ಔಷಧಿ ಮಾಡಿಸಬೇಕು.

ಆಸ್ಪತ್ರೆಯಲ್ಲಿ ಮತ್ತು ಮನೆಗೆ ಬಂದ ಮೇಲೆ

ಶಸ್ತ್ರಕ್ರಿಯೆಯಾದ ಎರಡು ಮೂರು ದಿನಗಳಲ್ಲಿ ಕೆಲವು ಹಿರಿಯರಿಗೆ ಭ್ರಮೆ ಹಿಡಿದಂತಾಗುತ್ತದೆ. ರಾತ್ರಿ ಎದ್ದು “ದನ ಬಿಡಬೇಕು” ಎನ್ನುತ್ತಾರೆ, ನಳಿಕೆ ಕಿತ್ತುಹಾಕಲು ನೋಡುತ್ತಾರೆ, ಮಗನನ್ನೇ ಗುರುತಿಸುವುದಿಲ್ಲ. ಮನೆಯವರು ಹುಚ್ಚು ಹಿಡಿಯಿತೆಂದು ಕಂಗಾಲಾಗುತ್ತಾರೆ. ಇದು ಬಹಳ ಮಂದಿಯಲ್ಲಿ ಕೆಲವು ದಿನಗಳಲ್ಲಿ ಇಳಿಯುವ ತೊಂದರೆ. ಆದರೆ ಸೋಂಕು ಮೊದಲಾದ ಕಾರಣಗಳಿರಬಹುದಾದ್ದರಿಂದ ಕೂಡಲೇ ದಾದಿಯರಿಗೆ ತಿಳಿಸಬೇಕು. ಕನ್ನಡಕ, ಕಿವಿಯ ಯಂತ್ರ ಹಾಕಿಸಿರಿ. ಪರಿಚಿತರೊಬ್ಬರು ಹತ್ತಿರ ಕುಳಿತು ಇದು ಯಾವ ಊರು, ಯಾವ ವಾರ ಎಂದು ಮೆಲ್ಲನೆ ಹೇಳುತ್ತಿರಲಿ. ರಾತ್ರಿ ನಿದ್ದೆ ಕೆಡದಂತೆ ನೋಡಿಕೊಳ್ಳಿರಿ.

ವೈದ್ಯರು ಒಪ್ಪಿದ ದಿನವೇ ಎಬ್ಬಿಸಿ ನಡೆಸಿರಿ. “ಪಾಪ, ಮಲಗಲಿ” ಎಂಬ ಕರುಣೆ ಇಲ್ಲಿ ಕೆಡುಕು ಮಾಡುತ್ತದೆ. ಮಲಗಿದಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯು ಕರಗುತ್ತದೆ. ನೋವಿದ್ದರೆ ಸಹಿಸಿಕೊಳ್ಳಿರೆನ್ನದೆ ಮಾತ್ರೆ ಕೇಳಿರಿ. ನೋವಿದ್ದವರು ಕೆಮ್ಮಲಾರರು, ನಡೆಯಲಾರರು. ಮನೆಗೆ ಬಂದ ಮೇಲೆ ಜ್ವರ, ಗಾಯದಲ್ಲಿ ಕೀವು, ಉಸಿರುಗಟ್ಟುವುದು, ಒಂದೇ ಕಾಲು ಬಾತುಕೊಳ್ಳುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿರಿ. ಅವಸರವಾದರೆ 108ಕ್ಕೆ ಕರೆ ಮಾಡಿರಿ.

ಬೇಗ ಗುರುತಿಸಿರಿ

ಗಂಟು ಸಣ್ಣದಿರುವಾಗ ಶಸ್ತ್ರಕ್ರಿಯೆಯೂ ಸಣ್ಣದು, ಹಿರಿಯರ ಮೈ ಅದನ್ನು ತಡೆಯುವುದೂ ಸುಲಭ. ಮೂರು ವಾರಕ್ಕೂ ಮಾಯದ ಬಾಯಿಹುಣ್ಣು, ಬಾಯೊಳಗಿನ ಬಿಳಿ ಅಥವಾ ಕೆಂಪು ಕಲೆ, ಬಾಯಿ ಅಗಲವಾಗಿ ತೆರೆಯಲಾಗದಿರುವುದು, ಒಡೆದುಹೋದ ದನಿ, ನುಂಗಲು ಕಷ್ಟ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ನೋವಿಲ್ಲದೆ ಮೂತ್ರದಲ್ಲಿ ರಕ್ತ, ಮಲದಲ್ಲಿ ರಕ್ತ — ಇವನ್ನು “ವಯಸ್ಸಾಯಿತು”, “ಮೂಲವ್ಯಾಧಿ”, “ಉಷ್ಣ” ಎಂದು ತಳ್ಳಿಹಾಕಬೇಡಿರಿ. ತಾಯಂದಿರು ಇಂಥದನ್ನು ಸಂಕೋಚದಿಂದ ಮುಚ್ಚಿಡುತ್ತಾರೆ. ಸೊಸೆಯಂದಿರು, ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು ಮೆಲ್ಲನೆ ಕೇಳಬೇಕು.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಅಡಕೆ ನಮ್ಮ ಅನ್ನ. ನಾನೂ ಅಡಕೆಯ ದುಡ್ಡಿನಲ್ಲೇ ಓದಿದವನು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಕವಳವೂ, ಬರೀ ಅಡಕೆಯೂ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಹೊಗೆಸೊಪ್ಪು ಸೇರಿದರೆ ಕೇಡು ಇನ್ನೂ ಹೆಚ್ಚು. ಅತಿಥಿಗಳ ಮುಂದೆ ಕವಳದ ಬಟ್ಟಲು ಇಡುವುದು ನಮ್ಮ ಮರ್ಯಾದೆ ಎಂದು ಬಲ್ಲೆ. ಆದರೆ ದಿನವಿಡೀ ದವಡೆಯಲ್ಲಿ ಕವಳ ಇಟ್ಟುಕೊಂಡಿರುವವರು ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲಿ, ಸಾಧ್ಯವಾದರೆ ಬಿಡಲಿ.

ಎಲ್ಲಿಗೆ ಹೋಗಬೇಕು

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಅಥವಾ ನಿಮ್ಮ ತಾಲೂಕಿನ ಆಸ್ಪತ್ರೆ. ಕ್ಯಾನ್ಸರಿನ ದೊಡ್ಡ ಶಸ್ತ್ರಕ್ರಿಯೆಗೆ ನಾವು ಘಟ್ಟದ ಮೇಲಿನವರು ದೂರ ಹೋಗಲೇಬೇಕಾಗಿದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಅಲ್ಲಿನ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯಿದೆ. ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರದ್ದು.

ಖರ್ಚಿನ ಹೆದರಿಕೆಯಿಂದ ತೋಟ ಅಡವಿಡುವ ಮೊದಲು ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಿರಿ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಇತರರಿಗೆ ನಿಗದಿತ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವುಂಟು. ಸಹಕಾರಿ ಸಂಘದ ಸದಸ್ಯರಾಗಿ ಯಶಸ್ವಿನಿಗೆ ಸೇರಿದ್ದರೆ ಆ ಕಾರ್ಡನ್ನೂ ಒಯ್ಯಿರಿ. ಯಾವ ಶಸ್ತ್ರಕ್ರಿಯೆ ಯಾವ ಯೋಜನೆಗೆ ಸೇರುತ್ತದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ಕೇಳಿರಿ. ರೇಷನ್ ಕಾರ್ಡು, ಆಧಾರ್, ತಾಲೂಕಿನ ಆಸ್ಪತ್ರೆಯವರು ಕೊಟ್ಟ ಶಿಫಾರಸು ಪತ್ರ ಕೈಯಲ್ಲಿರಲಿ.

ಕೊನೆಯ ಮಾತು

ಮನೆಗೆ ಹೋಗಿ ಇದನ್ನೆಲ್ಲ ಮರೆತರೂ ಚಿಂತೆಯಿಲ್ಲ, ಒಂದನ್ನು ಮಾತ್ರ ನೆನಪಿಡಿರಿ. ಹಿರಿಯರಿಗೆ ಕಾಯಿಲೆಯೆಂದು ತಿಳಿದ ದಿನ ಒಳಗಿನ ಕೋಣೆಯಲ್ಲಿ ಪಿಸುಗುಟ್ಟಬೇಡಿರಿ. ಅವರ ಹತ್ತಿರ ಕುಳಿತು, ರೋಗದ ಹೆಸರು ಹೇಳಿ, ಇರುವ ದಾರಿಗಳನ್ನು ವಿವರಿಸಿ, “ನಿಮಗೆ ಏನು ಬೇಕು?” ಎಂದು ಕೇಳಿರಿ. ಒಬ್ಬರು “ಮೊಮ್ಮಗಳ ಮದುವೆ ನೋಡಬೇಕು, ಮಾಡಿಸಿ” ಎನ್ನಬಹುದು. ಇನ್ನೊಬ್ಬರು “ಸಾಕು ತಮಾ, ಮನೆಯಲ್ಲೇ ಇರುತ್ತೇನೆ, ನೋವಾಗದಂತೆ ನೋಡಿಕೊ” ಎನ್ನಬಹುದು. ಎರಡೂ ಸರಿಯೇ, ತಿಳಿದು ಹೇಳಿದ ಮಾತಾಗಿದ್ದರೆ. ಗದ್ದೆಯನ್ನೂ ತೋಟವನ್ನೂ ನಮಗೆ ಮಾಡಿಕೊಟ್ಟವರು ಅವರು. ತಮ್ಮ ಮೈಯ ವಿಷಯದಲ್ಲಿ ತೀರ್ಮಾನ ಹೇಳುವ ಅಧಿಕಾರ ಅವರಿಗಿಲ್ಲವೆ?

ನನ್ನ ದೊಡ್ಡಾಯಿಯನ್ನು ನಾನು ಕೇಳಲಿಲ್ಲ. ನೀವು ನಿಮ್ಮ ಮನೆಯವರನ್ನು ಕೇಳಿರಿ.